ಜಡೆ ಕತ್ತರಿಸಿದ ಈರುಳ್ಳಿಗೆ ನಾನೇ ಸಹಿ ಹಾಕಿದೆ

ಮಾಸ್ತರೇ,

ನೀವು ಹೋದಮೇಲೆ ನಿಮಗೆ ಒಂದು ಸಾಲೂ ಬರೆದವಳಲ್ಲ. ಇವತ್ತು ಬರೆಯುತ್ತಿದ್ದೇನೆ, ಅದೂ ಸಿಟ್ಟಿನಲ್ಲಿ. ಅರ್ಧ ಸಿಟ್ಟು ಕಾಲೇಜಿನ ಮೇಲೆ. ಉಳಿದದ್ದನ್ನು ನನಗೂ ನಿಮಗೂ ಹೇಗೆ ಹಂಚಬೇಕೋ ತಿಳಿಯುತ್ತಿಲ್ಲ.

ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ನೀವು ನಮಗೆ ಅರ್ಥಶಾಸ್ತ್ರದ ಮೊದಲ ಪಾಠ ಮಾಡಿದ್ದು ನೆನಪಿದೆಯೇ? ಊಟದ ನಂತರದ ಪಿರಿಯಡ್ಡು, ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಧಾರೇಶ್ವರದ ಹೈಸ್ಕೂಲಿನಿಂದ ಬಂದವರೆಂದು ಕಾಲೇಜಿನಲ್ಲೂ ನಿಮ್ಮನ್ನು ಯಾರೂ ಸರ್ ಎನ್ನುತ್ತಿರಲಿಲ್ಲ, ಮಾಸ್ತರೇ ಎನ್ನುತ್ತಿದ್ದರು. ಯಂತ್ರ ಮಾಡುವವರಿಗೆ ಇದೆಲ್ಲ ಎಂತಕ್ಕೆ ಮಾಸ್ತರೇ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ನೀವು ಚೀಲದಿಂದ ಕುಮಟೆಯ ಸಿಹಿ ಈರುಳ್ಳಿಯ ಗೊಂಚಲೊಂದನ್ನು ತೆಗೆದು ಮೇಜಿನ ಮೇಲಿಟ್ಟಿರಿ. ಒಣಗಿದ ಎಲೆಗಳನ್ನು ಜಡೆಯಂತೆ ಹೆಣೆದ ಗೊಂಚಲು. ಇದಕ್ಕೆ ಬೆಲೆ ಹೇಳಿ ಎಂದಿರಿ. ಎಷ್ಟು ಕಿಲೋ ಇದೆ ಎಂದು ನಾವೆಲ್ಲ ಕೇಳಿದೆವು.

"ಮಾರುವವಳ ಹತ್ತಿರ ತಕ್ಕಡಿಯೇ ಇಲ್ಲ. ಯಾಕೆ ಇಲ್ಲ ಅಂತ ಕೇಳಿಕೊಂಡು ಬರುವ. ಬೋರ್ಡಿನ ಮೇಲೆ ಗೆರೆ ಎಳೆಯುವುದು ಆಮೇಲೆ."

ಮರುವಾರ ಸರ್ವಿಸ್ ಬಸ್ಸಿನಲ್ಲಿ ನಮ್ಮನ್ನು ಕುಮಟೆಯ ಹತ್ತಿರದ ವನ್ನಳ್ಳಿಗೆ ಕರೆದೊಯ್ದಿರಿ. ರಸ್ತೆ ಬದಿಯ ತೆಂಗಿನ ಮಡಲಿನ ಚಪ್ಪರದಲ್ಲಿ ತಿಮ್ಮಕ್ಕ ಗೊಂಚಲುಗಳನ್ನು ತೂಗುಹಾಕಿಕೊಂಡು ಕೂತಿದ್ದಳು. ತಕ್ಕಡಿ ಯಾಕಿಲ್ಲ ಎಂದು ಕೇಳಿದ ಹುಡುಗನಿಗೆ, "ತೂಗಿ ಕೊಡೂಕೆ ನಾನೇನು ಸಕ್ರೆ ಮಾರ್ತ್ನಾ ತಮಾ?" ಎಂದಳು. ಆಮೇಲೆ ಮನೆಯೊಳಗೆ ಕರೆದು ಒಲೆಯ ಮೇಲಿನ ಜಂತಿ ತೋರಿಸಿದಳು. ಹೊಗೆ ಹಿಡಿದು ಕಪ್ಪಾದ ಜಡೆಗಳು ಸಾಲಾಗಿ ನೇತಾಡುತ್ತಿದ್ದವು. ಎಲೆಯನ್ನು ಗಡ್ಡೆಯ ಜೊತೆಗೇ ಒಣಗಿಸಿದರೆ ಕುತ್ತಿಗೆ ಮುಚ್ಚಿಕೊಳ್ಳುತ್ತದೆ, ಮಳೆಗಾಲವಿಡೀ ಕೆಡುವುದಿಲ್ಲ. ಬೇಸಿಗೆಯಲ್ಲಿ ಎಲ್ಲರೂ ಮಾರುವಾಗ ಸ್ವಲ್ಪ ಮಾರಿ, ಶ್ರಾವಣದಲ್ಲಿ ಯಾರ ಹತ್ತಿರವೂ ಇಲ್ಲದಾಗ ಉಳಿದದ್ದನ್ನು ಮಾರುತ್ತೇನೆ ಎಂದಳು. ಹೊರಗೆ ಬಂದಮೇಲೆ ನೀವು ಹೇಳಿದ್ದು ಎರಡೇ ಮಾತು. ಇವಳಿಗೆ ಗೋದಾಮಿಲ್ಲ, ಜಡೆ ಇದೆ. ಯಾವಾಗ ಮಾರಬೇಕೆಂದು ವ್ಯಾಪಾರಿ ಹೇಳುವುದಿಲ್ಲ, ಇವಳೇ ಹೇಳುತ್ತಾಳೆ. ಪೂರೈಕೆ, ಬೇಡಿಕೆ, ದಾಸ್ತಾನು, ಚೌಕಾಶಿ, ಎಲ್ಲವೂ ಆ ಅಡುಗೆಮನೆಯಲ್ಲಿ ನನಗೆ ಅರ್ಥವಾಗಿತ್ತು. ಆಮೇಲೆ ಎಷ್ಟು ಪುಸ್ತಕ ಓದಿದರೂ ಅದಕ್ಕಿಂತ ಚೆನ್ನಾಗಿ ಹೇಳಿದ್ದು ಸಿಗಲಿಲ್ಲ.

ನಿಮ್ಮ ಕೊನೆಯ ವರ್ಷ ನಡೆದ ಆ ಮೀಟಿಂಗನ್ನು ಮಾತ್ರ ನಾನು ಮರೆಯಲಾರೆ. ಅಷ್ಟರಲ್ಲಿ ನಾನು ಅರ್ಥಶಾಸ್ತ್ರ ಓದಿ ನಿಮ್ಮದೇ ಪೇಪರಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದಿದ್ದೆ. ಸಂತೆ ಸುತ್ತುವುದು ಸಿಲಬಸ್ಸಿನಲ್ಲಿಲ್ಲ, ಪ್ರಶ್ನೆ-ಉತ್ತರದ ಪುಸ್ತಿಕೆ ಕೊಟ್ಟರೆ ಸಾಕು, ಉಳಿದ ಪಿರಿಯಡ್ಡನ್ನು ಉದ್ಯೋಗ ಸಂದರ್ಶನದ ತರಬೇತಿಗೆ ಬಿಡಿ ಎಂದರು ಪ್ರಿನ್ಸಿಪಾಲರು. ನೀವು ಕನ್ನಡಕ ಒರೆಸಿಕೊಂಡು ಸಹಿ ಹಾಕಿದಿರಿ. ಕಾರಿಡಾರಿನಲ್ಲಿ ನಾನು ಜಗಳವಾಡಿದೆ. "ಆತು ಬಿಡು ತಂಗಿ" ಎಂದಿರಿ. ಯಾಕೆ ಮಾಸ್ತರೇ? ಸುಸ್ತಾಗಿತ್ತೇ? ನಿಮ್ಮನ್ನು ಕೊಂಡೊಯ್ದ ಕಾಯಿಲೆ ಆಗಲೇ ಗೊತ್ತಿತ್ತೇ? ಗೊತ್ತಿದ್ದರೆ ನನಗೆ ಹೇಳಬಹುದಿತ್ತಲ್ಲ, ನಾನು ಅಷ್ಟು ಬಿರುಸಾಗಿ...

ಕಳೆದ ವರ್ಷ ಸಂದೇಶ ಎನ್ನುವ ಹುಡುಗನ ಉತ್ತರಪತ್ರಿಕೆ ತಿದ್ದುವಾಗ ನನಗೆ ಖುಷಿಯಾಗಿತ್ತು. ಮಾವಳ್ಳಿಯ ಮೀನುಗಾರರ ಮನೆಯವನು, ಚುರುಕು. ಅವಕಾಶ ವೆಚ್ಚಕ್ಕೆ, ಅಂದರೆ ಒಂದನ್ನು ಆರಿಸಿದಾಗ ಕೈಬಿಟ್ಟ ಇನ್ನೊಂದರ ಬೆಲೆಗೆ, ಪುಸ್ತಿಕೆಯಲ್ಲಿದ್ದ ಗೋಧಿ ಹೊಲದ ಉದಾಹರಣೆಯನ್ನು ಒಂದಕ್ಷರ ಬಿಡದೆ ಬರೆದಿದ್ದ. ಪೂರ್ತಿ ಅಂಕ ಕೊಟ್ಟೆ. ಹೊನ್ನಾವರ, ಭಟ್ಕಳದ ಮಕ್ಕಳು ಗೋಧಿ ಹೊಲವನ್ನು ಎಲ್ಲಿ ನೋಡಿದ್ದಾರೆ ಎಂದು ಆಗ ನನಗೆ ಹೊಳೆಯಲೇ ಇಲ್ಲ. ಅದೇ ಹುಡುಗನ ತಂಡ ಸಿಹಿ ಈರುಳ್ಳಿಗೆ ಯಂತ್ರ ಮಾಡಿತು. ಎಲೆ ಕತ್ತರಿಸಿ, ಗಾತ್ರ ನೋಡಿ ಬೇರ್ಪಡಿಸಿ, ಬಲೆಚೀಲಕ್ಕೆ ತುಂಬುವ ಯಂತ್ರ. ವರದಿಯ ಆರ್ಥಿಕ ಭಾಗಕ್ಕೆ ನನ್ನ ಸಹಿ ಬೇಕಿತ್ತು. ಅದರಲ್ಲಿ ಒಂದು ಸಾಲು: ಗೊಂಚಲು ಹೆಣೆಯುವುದು ಅನಗತ್ಯ ಶ್ರಮ, ಯಂತ್ರದಿಂದ ಉಳಿತಾಯ.

ನಾನು ಓದಿದೆ. ಓದಿಯೂ ವನ್ನಳ್ಳಿಗೆ ಹೋಗಿದ್ದಿರಾ ಎಂದು ಕೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಸಹಿ ಹಾಕಿ ಹೊರಟೆ. ಯಂತ್ರಕ್ಕೆ ಬಹುಮಾನ ಬಂತು, ಎಲ್ಲರೂ ಫೋಟೊಗೆ ನಿಂತರು. ನಾನೂ ನಿಂತೆ.

ಮಳೆ ಹಿಡಿದು ಮೂರು ವಾರವಾಗಿತ್ತು, ತಿಮ್ಮಕ್ಕನ ಮಗಳು ಮೋಹಿನಿ ಕಾಲೇಜಿಗೆ ಬಂದಳು. ತಾಯಿ ತೀರಿಕೊಂಡ ಮೇಲೆ ಗದ್ದೆ ನೋಡಿಕೊಳ್ಳುವವಳು ಅವಳೇ. ಪ್ರಯೋಗಕ್ಕೆಂದು ಆ ಸಲ ಮಾರುವ ಬೆಳೆಯನ್ನೆಲ್ಲ ಅವಳು ನಮ್ಮ ಹುಡುಗರ ಯಂತ್ರಕ್ಕೆ ಕೊಟ್ಟಿದ್ದಳು, ಕಾಲೇಜಿನವರು ಕೇಳಿದರೆಂದು. ನೀವು ಗೊಂಚಲಿಟ್ಟ ಅದೇ ಮೇಜಿನ ಮೇಲೆ ಬಲೆಚೀಲ ಇಟ್ಟಳು. ಒಳಗಿದ್ದದ್ದು ಈರುಳ್ಳಿಯಲ್ಲ, ಕೊಳೆತ ಲೋಳೆ. ಮಳೆಗಾಲದಲ್ಲಿ ಅವಳು ಮಾರುವುದು ಈರುಳ್ಳಿಯೊಂದನ್ನೇ. ಸರಿಯಾಗಿ ಒಣಗಿಸಿರಲಿಕ್ಕಿಲ್ಲ ಎಂದರು ಪ್ರಿನ್ಸಿಪಾಲರು. ಮೂಗು ಮುಚ್ಚಿಕೊಂಡೇ ಹೇಳಿದರು. ಹುಟ್ಟಿದಾಗಿನಿಂದ ಈರುಳ್ಳಿ ಒಣಗಿಸಿದವಳಿಗೆ! ಮೋಹಿನಿ ಅವರತ್ತ ನೋಡಲಿಲ್ಲ.

"ಅಕ್ಕಾ, ಜಡೆ ಎಂತಕ್ಕೆ ಅಂತ ನಿಮ್ಗೆ ಗೊತ್ತಿತ್ತಲೇ. ನಮ್ಮನೆ ಒಲೆ ಮುಂದೆ ನಿಂತು ಬರ್ಕಂಡು ಹೋದವ್ರು ನೀವು."

ಸಂದೇಶನಿಗೆ ಗೊತ್ತಿರಲಿಲ್ಲ, ಯಾರೂ ಕಲಿಸಿರಲಿಲ್ಲ. ನನಗೆ ಗೊತ್ತಿತ್ತು. ಇದೇ ಮಕ್ಕಳು ನಾಳೆ ಸೇತುವೆ, ರಸ್ತೆ, ಬಂದರಿನ ನಕ್ಷೆ ಬರೆಯುತ್ತಾರೆ. ಅಲ್ಲಿಯ ಬದುಕನ್ನೂ ಕಾಗದದ ಮೇಲೆ ಅನಗತ್ಯವೆಂದು ಬರೆದುಬಿಡುತ್ತಾರೆ. ಕೆಳಗೆ ನನ್ನಂಥ ಒಬ್ಬಳ ಸಹಿ ಇರುತ್ತದೆ. ಇದನ್ನು ತಾಂತ್ರಿಕ ಶಿಕ್ಷಣ ಎನ್ನುತ್ತೇವಲ್ಲ, ನಮಗೆ ನಾಚಿಕೆ ಬೇಡವೇ?

ಹೋದ ವಾರ ಯಂತ್ರದ ಎರಡನೇ ಹಂತಕ್ಕೆ ಸಹಿ ಬೇಕೆಂದು ಸಂದೇಶ ಬಂದ. ಹಾಕುವುದಿಲ್ಲ ಎಂದೆ. "ಕೊಳೆಯೋದು ಸಿಲಬಸ್ಸಲ್ಲಿ ಇರ್ಲಿಲ್ಲ ಮೇಡಂ" ಎಂದ, ತಮಾಷೆಗಲ್ಲ, ನಿಜವಾಗಿಯೇ. ನಿನ್ನ ಅಮ್ಮ ಮೀನು ಒಣಗಿಸುವಾಗ ಹೊಟ್ಟೆ ಯಾಕೆ ಸೀಳುತ್ತಾಳೆ, ಯಾವತ್ತಾದರೂ ಕೇಳಿದ್ದೀಯಾ ಎಂದೆ. ಇಲ್ಲ ಎಂದ. ಪರವಾನಗಿ ಕೇಳುವುದಕ್ಕೂ ಹೋಗದೆ ಇಡೀ ಕ್ಲಾಸನ್ನು ವನ್ನಳ್ಳಿಯ ಸರ್ವಿಸ್ ಬಸ್ಸಿಗೆ ಹತ್ತಿಸಿದೆ.

ಈಗ ನಿಮಗೆ ಹೇಳಲೆಂದೇ ಇಟ್ಟುಕೊಂಡ ಸುದ್ದಿ. ಮೋಹಿನಿ ಬಾಗಿಲಲ್ಲೇ ನಮ್ಮನ್ನು ನಿಲ್ಲಿಸಿಕೊಂಡಳು, ಇನ್ನೆಂತ ಕತ್ರಿಸೂಕೆ ಬಂದ್ರಿ ಎಂದಳು. ತುಂಬ ಹೊತ್ತು ಒಳಗೆ ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಕೊನೆಗೆ ಒಲೆಯ ಮೇಲಿಂದ ಒಂದೇ ಒಂದು ಜಡೆ ಇಳಿಸಿ ತಂದಳು. ಮನೆ ಖರ್ಚಿಗೆಂದು ಯಂತ್ರಕ್ಕೆ ಕೊಡದೆ ಉಳಿಸಿಕೊಂಡದ್ದು. ಅದೇ ಗದ್ದೆ, ಅದೇ ಬೆಳೆ. ಚೌತಿ ಕಳೆದಿದ್ದರೂ ಒಂದು ಗಡ್ಡೆಯೂ ಮೆತ್ತಗಾಗಿರಲಿಲ್ಲ. ಸಂದೇಶ ಅದನ್ನು ಕೈಗೆ ತೆಗೆದುಕೊಂಡು ಗಡ್ಡೆಗಳನ್ನು ಒಂದೊಂದಾಗಿ ಒತ್ತಿ ನೋಡಿದ. ಆಮೇಲೆ, "ಇದನ್ನ ಹೆಣೆಯೂಕೆ ನಮ್ಗೆ ಕಲಿಸ್ತ್ರಾ?" ಎಂದು ಕೇಳಿದ. ಮೋಹಿನಿ ನಗಲಿಲ್ಲ. "ಚೈತ್ರಕ್ಕೆ ಬಾ. ಯಂತ್ರ ಮನೇಲಿಟ್ಟು ಬಾ" ಎಂದಳು.

ವಾಪಸು ಬಂದಾಗ ನನ್ನ ಮೇಜಿನ ಮೇಲೆ ಮೆಮೊ ಇತ್ತು. ಪಾಠದ ಸಮಯದಲ್ಲಿ ವಿದ್ಯಾರ್ಥಿಗಳನ್ನು ಹೊರಗೆ ಕರೆದೊಯ್ದದ್ದಕ್ಕೆ ಸೋಮವಾರದೊಳಗೆ ಲಿಖಿತ ಕಾರಣ ಕೊಡಬೇಕಂತೆ. ಅತಿಥಿ ಉಪನ್ಯಾಸಕಿಗೆ ಮೆಮೊ ಎಂದರೆ ಏನೆಂದು ನಿಮಗೆ ಗೊತ್ತು. ಮುಂದಿನ ಸೆಮಿಸ್ಟರಿಗೆ ಕರೆಯದಿದ್ದರೆ ಆಯಿತು, ಅಷ್ಟೇ. ಕರೆಯದಿದ್ದರೂ ಚೈತ್ರಕ್ಕೆ ನಾನು ಆ ಮಕ್ಕಳ ಜೊತೆ ವನ್ನಳ್ಳಿಯಲ್ಲಿ ಇರುತ್ತೇನೆ. ನನಗೂ ಹೆಣೆಯಲು ಬರುವುದಿಲ್ಲ ಮಾಸ್ತರೇ, ಬರೆದುಕೊಂಡು ಬಂದಿದ್ದೆ, ಅಷ್ಟೇ.

ಉತ್ತರ ಬರೆದಿಟ್ಟಿದ್ದೇನೆ. ಒಂದೇ ಸಾಲು: ಮೊದಲೇ ಕೇಳಬೇಕಾಗಿದ್ದನ್ನು ಕೇಳಲು ಹೋಗಿದ್ದೆವು. ಕೆಳಗೆ ಸಹಿ ಹಾಕಿದ್ದೇನೆ, ಈ ಸಲ ಪೂರ್ತಿ ಓದಿ.

ನಿಮ್ಮ ವಿದ್ಯಾರ್ಥಿನಿ,
ಹೊನ್ನಾವರದಿಂದ