ಗೋಡೆಯಾಚೆಯ ಸೀಬೆ

ತೋಟದ ಮನೆಯಿಂದ, ಗುರುವಾರ

ಅಕ್ಕರೆಯ ಮಗಳೇ,

ಮೊದಲು ಒಂದು ತಿದ್ದುಪಡಿ. ನಿನ್ನ ಎಣ್ಣೆಯಿಂದ ಹಣ್ಣಿನ ನೊಣಗಳು ನಾಶವಾದವು ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಅದು ತಪ್ಪು. ಅವು ನಾಶವಾಗಿಲ್ಲ; ಜಾಗ ಬದಲಿಸಿವೆ. ಕಣ್ಣಾರೆ ಕಾಣದೆ ಬರೆದ ವಾಕ್ಯಕ್ಕೆ ನಾನು ಯಾವ ವಿದ್ಯಾರ್ಥಿಗೂ ಅಂಕ ಕೊಟ್ಟವನಲ್ಲ, ನನಗೂ ಕೊಟ್ಟುಕೊಳ್ಳಲಾರೆ.

ನಿನ್ನ ಕೆಮ್ಮು ಹೇಗಿದೆ? ಪ್ರಯೋಗಾಲಯದ ಆ ತಣ್ಣನೆಯ ಕೋಣೆಯಲ್ಲಿ ಶಾಲು ಹೊದೆಯಲು ಸಂಕೋಚಪಡಬೇಡ. ವಿಜ್ಞಾನಕ್ಕೂ ನೆಗಡಿಗೂ ನಂಟು ಬೇಕಿಲ್ಲ. ನಿನ್ನ ತಾಯಿ ಕ್ಷೇಮ. ನಿಂಬೆಹುಲ್ಲಿನ ಎಣ್ಣೆಯ ವಾಸನೆ ನನ್ನ ಅಂಗಿಗಳಿಂದ ಹಾಸಿಗೆಗೂ ಅಂಟಿದೆಯಂತೆ. "ನೊಣದ ಮಾತಿರಲಿ, ನಿಮ್ಮ ಹತ್ರ ನಾನೂ ಸುಳಿಯೋ ಹಾಗಿಲ್ಲ" ಎಂದು ಗೊಣಗುತ್ತಾಳೆ. ಕೋಪವಲ್ಲ, ವಾಡಿಕೆ.

ಈಗ ವಿಷಯ. ನೀನು ಹೇಳಿಕೊಟ್ಟಂತೆ ಎಣ್ಣೆಯನ್ನು ಸಾಬೂನು ನೀರಿನಲ್ಲಿ ಕದಡಿ ನಮ್ಮ ಸೀಬೆ ಮರಗಳಿಗೆಲ್ಲ ವಾರಕ್ಕೊಮ್ಮೆ ಸಿಂಪಡಿಸುತ್ತ ಬಂದೆ. ಸೋಮವಾರ ಬೆಳಿಗ್ಗೆ ಮರದಡಿ ಕುರ್ಚಿ ಹಾಕಿಕೊಂಡು ಒಂದೇ ಒಂದು ಕಾಯಿಯನ್ನು ನೋಡುತ್ತ ಕುಳಿತೆ. ಹೆಣ್ಣು ನೊಣವೊಂದು ಬಂದು ಕೂತಿತು. ಬಾಲದ ಸೂಜಿಯನ್ನು ಸಿಪ್ಪೆಗೆ ಊರಿ ಮೊಟ್ಟೆಯಿಡಲು ಜಾಗ ಹುಡುಕುತ್ತ ಅತ್ತಿತ್ತ ನಡೆಯಿತು. ಕಾಲು ಸುಟ್ಟವರಂತೆ ಥಟ್ಟನೆ ಎದ್ದು, ಗೋಡೆ ದಾಟಿ, ನೇರವಾಗಿ ನಿನ್ನ ಸೋದರತ್ತೆಯ ಮರಕ್ಕೆ ಹೋಯಿತು. ಅದರ ಹಿಂದೆಯೇ ಮತ್ತೊಂದು. ನಾನೂ ಎದ್ದುಹೋಗಿ ಇಣುಕಿದರೆ ಆಚೆಯ ಮರಗಳ ಬುಡದಲ್ಲೆಲ್ಲ ಕೊಳೆತ ಹಣ್ಣು.

ನನ್ನಕ್ಕ ಬುಟ್ಟಿ ಹಿಡಿದು ಅದನ್ನೇ ಹೆಕ್ಕುತ್ತಿದ್ದಳು. ಹಣ್ಣಿನ ವ್ಯಾಪಾರಿ ಒಂದನ್ನು ಸೀಳಿ, ಒಳಗಿನ ಹುಳು ತೋರಿಸಿ, ಬುಟ್ಟಿಗೆ ಬುಟ್ಟಿಯನ್ನೇ ಹಿಂದಿರುಗಿಸಿದ್ದನಂತೆ. ಇನ್ನೊಮ್ಮೆ ಹೀಗಾದರೆ ಬೇರೆ ತೋಟ ನೋಡಿಕೊಳ್ಳುವೆನೆಂದನಂತೆ. ಆ ಮರಗಳನ್ನು ಬಿಟ್ಟರೆ ಅವಳಿಗೆ ಬೇರೆ ಜೀವನೋಪಾಯವಿಲ್ಲವೆಂಬುದನ್ನು ನೀನು ಬಲ್ಲೆ. ನಾನು ಕಂಡದ್ದನ್ನು ಕಂಡಂತೆ ಹೇಳಿದೆ. "ಹಾಗಾದ್ರೆ ನಿಮ್ಮ ಮಗಳು ನೊಣಗಳಿಗೆ ನಮ್ಮನೆಗೆ ವರ್ಗ ಮಾಡಿಸಿದ್ದಾಳೆ ಅನ್ನಿ ಮೇಷ್ಟ್ರೇ!" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಆ ಎಣ್ಣೆ ನನಗೂ ಒಂದಿಷ್ಟು ಕೊಡೋಕಾಗಲ್ವೇನೋ?" ಎಂದಳು.

ಅತ್ತೆಯ ಮರಗಳಿಗೆ ಒಂದು ಹನಿಯೂ ಸೋಕಬಾರದು, ಸಿಂಪಡಿಸದ ತೋಟವೊಂದು ಹೋಲಿಕೆಗೆ ಇರದಿದ್ದರೆ ಈ ವರ್ಷದ ಪ್ರಯೋಗವೇ ನೀರುಪಾಲು ಎಂದು ನೀನು ಹೊರಡುವಾಗ ಒತ್ತಿ ಹೇಳಿದ್ದೆ. "ನಮ್ಮ ಹುಡುಗಿ ಓದಿಗೆ ಆಗೋದಾದ್ರೆ ನಾನು ಮರಕ್ಕೆ ಏನೂ ಹೊಡೆಯಲ್ಲ ಬಿಡು" ಎಂದು ಅಕ್ಕನೂ ಒಪ್ಪಿದ್ದಳು. ಆದರೆ ನಾವು ಅಟ್ಟಿದ ನೊಣಗಳನ್ನೂ ಹೊರುವುದಕ್ಕೆ ಅವಳು ಒಪ್ಪಿರಲಿಲ್ಲವಲ್ಲ! ಇನ್ನೊಂದು ಮಾತು, ಇದು ಅಪ್ಪನದಲ್ಲ, ಮೇಷ್ಟರದು: ಆಚೆಯ ತೋಟದ ಹಾನಿಯಲ್ಲಿ ತಾನಾಗಿ ಆದದ್ದೆಷ್ಟು, ನಮ್ಮಿಂದ ಆದದ್ದೆಷ್ಟು? ಅದನ್ನು ಬೇರ್ಪಡಿಸಲಾಗದಿದ್ದರೆ ಆ ತೋಟವನ್ನು ಹೋಲಿಕೆಯೆಂದು ಹೇಗೆ ಕರೆಯುವೆ?

ವೇಳೆಗೆ ಸರಿಯಾಗಿ ಊಟ ಮಾಡು. ನೀನು ಕೈಗೆತ್ತಿಕೊಂಡ ಕೆಲಸ ಕೈಗೂಡಲಿ, ಆರೋಗ್ಯ ನಿನ್ನ ಜೊತೆಗಿರಲಿ ಎಂದು ನಾವಿಬ್ಬರೂ ಹರಸುತ್ತೇವೆ.

ನಿನ್ನ ಅಪ್ಪ

ಮಾರ್ಚ್ ಹನ್ನೆರಡು, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ

ಮರೆಯುವ ಮುನ್ನ: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ನಿನ್ನ ಉತ್ತರಕ್ಕೆ ಕಾಯಲಿಲ್ಲ. ನಿನ್ನೆಯೇ ಅಕ್ಕನ ಮರಗಳಿಗೆಲ್ಲ ಎಣ್ಣೆ ಸಿಂಪಡಿಸಿ ಬಂದೆ. ನಮ್ಮ ಬಾವಿಯ ಪಕ್ಕದ ಸಾಲಿಗೆ ಇನ್ನು ಎಣ್ಣೆಯಿಲ್ಲ. ನೊಣಗಳು ಅಲ್ಲಿಗೆ ಬರಲಿ. ಉದುರಿದ್ದನ್ನು ದಿನವೂ ಹೆಕ್ಕಿ ಹೂಳುತ್ತೇನೆ. ಹೋಲಿಕೆಗೆ ಆ ಸಾಲನ್ನೇ ಇಟ್ಟುಕೋ. ಅಷ್ಟು ಸಾಲದೆಂದು ಸಿಟ್ಟಾಗುವೆ, ಆಗು. ಕೆಡುವುದೇ ಆದರೆ ನಮ್ಮ ಹಣ್ಣು ಕೆಡಲಿ.