ಬೀರುವಿನ ಹಿಂದಿನ ಗೋಡೆ

ಅಪ್ಪ,

ಇವತ್ತು ಮಹಡಿ ಕೋಣೆಯ ಬೀರು ಸರಿಸಿದೆ. ನನ್ನ ಚಿತ್ರಕಲೆ ಸ್ನಾತಕೋತ್ತರ ಪದವಿಯ ಕೊನೆಯ ಜ್ಯೂರಿಗೆ, ಚಿತ್ರ ನೋಡಿ ಅಂಕ ಕೊಡಲು, ನಾಳೆ ಮೇಷ್ಟ್ರುಗಳು ನಮ್ಮ ಸಾರಕ್ಕಿ ಮನೆಗೇ ಬರುತ್ತಾರೆ.

ಹೋದ ವರ್ಷವೂ ಬರುವವರಿದ್ದರು. ಅವರಿಗೆ ತೋರಿಸಲೆಂದೇ ಎರಡು ತಿಂಗಳು, ಈಗ ಬೀರುವಿನ ಹಿಂದಿದ್ದ ಆ ಗೋಡೆಯ ಮೇಲೆ ಇದ್ದಿಲಿನಲ್ಲಿ ನಮ್ಮ ಕೆರೆಯ ಚಿತ್ರ ಬರೆದಿದ್ದೆ. ಹಿಂದಿನ ದಿನ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ನೀನು ಗೋಡೆಗೆ ಸುಣ್ಣ ಹೊಡೆದು, ಬ್ರಷ್ ತೊಳೆಯುತ್ತಾ ಕೂತಿದ್ದೆ.

“ಮೇಷ್ಟ್ರು ಬರ್ತಾರೆ ಅಂದ್ಯಲ್ಲಮ್ಮ. ನೀನು ಪ್ರಾಕ್ಟೀಸ್ ಮಾಡಿ ಗೋಡೆಯೆಲ್ಲಾ ಮಸಿಯಾಗಿತ್ತು. ಈಗ ಬೆಳ್ಳಗಾಯ್ತಾ ನೋಡು.”

ನಾನು ನೋಡಲಿಲ್ಲ. ಬೀರುವನ್ನು ಎಳೆದು ಗೋಡೆಗೆ ಅಡ್ಡ ಇಟ್ಟೆ. ಮೇಷ್ಟ್ರುಗಳಿಗೆ ಬರಬೇಡಿ ಎಂದು ಫೋನ್ ಮಾಡಿದೆ. ಹದಿನೇಳು ದಿನ ನಿನ್ನ ಜೊತೆ ಮಾತಾಡಲಿಲ್ಲ. ಹದಿನೆಂಟನೆಯ ದಿನ ನೀನೇ ಇರಲಿಲ್ಲ.

ಇವತ್ತು ಬೀರು ಸರಿದಾಗ, ಗೋಡೆಯ ಕೆಳಗಿನ ಮೂಲೆಯಲ್ಲಿ ‘ರಂಜಿತ’ ಎಂಬ ನನ್ನ ಸಹಿ ಹಾಗೇ ಇತ್ತು. ಸ್ಕೇಲಿಟ್ಟು ಗೆರೆ ಎಳೆದ ಹಾಗೆ, ಅದರ ಸುತ್ತ ಒಂದು ಚೌಕ ಬಿಟ್ಟು ಸುಣ್ಣ ಹೊಡೆದಿದ್ದೀಯ. ಹೆಸರಿನ ಮೇಲೆ ಒಂದು ಹನಿಯೂ ಸಿಡಿದಿಲ್ಲ.

ಹೊಸದಾಗಿ ಬರೆಯಲೆಂದು ತಂದ ಇದ್ದಿಲನ್ನು ಡಬ್ಬಿಗೆ ಹಾಕಿಟ್ಟೆ. ನಾಳೆ ಈ ಗೋಡೆಯನ್ನೇ ತೋರಿಸುತ್ತೇನೆ.

ಬೆಳ್ಳಗಾಗಿದೆ ಅಪ್ಪ. ಈಗ ನೋಡಿದೆ.