ನಾನು ಬಿಚ್ಚಿದ ಕೆಂಪು ಪಟ್ಟಿಗಳು

ನವೆಂಬರ್ 6, ಬೆಳಗ್ಗೆ ಆರು

ಅಕ್ಕಾ, ನಿನ್ನ ಮಂಡಿ ಹೇಗಿದೆ? ಭಾವನ ಕೆಮ್ಮು? ಪುಟ್ಟಿಗೆ ಹಲ್ಲು ಬಂತಾ? ಈ ಬೆಟ್ಟದಲ್ಲಿ ಅಂಚೆ ಡಬ್ಬಿ ಎಲ್ಲಿಂದ ಬರಬೇಕು, ಡೈರಿಯಲ್ಲೇ ನಿನಗೆ ಬರೀತಿದ್ದೀನಿ, ಇಳಿದ ಮೇಲೆ ಹಾಳೆ ಹರಿದು ಕಳಿಸ್ತೀನಿ.

ಟೆಂಟ್ ಮಡಚಿ ಆಯ್ತು. ಅಷ್ಟು ಗಾಳಿ ಎಳೆದಾಡಿದರೂ ನನ್ನ ಹೊಲಿಗೆ ಒಂದೂ ಬಿಟ್ಟಿಲ್ಲ. ತಮ್ಮ ಮಾತ್ರ, ದರ್ಜಿ ಹೊಲಿದ ಟೆಂಟಿಗೆ ಕಾಲರ್ ಯಾಕಿಲ್ಲ ಅಂತ ಛೇಡಿಸ್ತಾನೆ. ಅರವತ್ತಾರಾದರೂ ನಾಲಗೆಗೆ ಬೀಗ ಇಲ್ಲ.

ಮುಂದೆ ಅವನ ಮಗಳು. ದಾರಿ ಕವಲಾದಲ್ಲೆಲ್ಲ, ಹೋಗಬೇಕಾದ ಕಡೆಯ ಗಿಡಕ್ಕೆ ಕೆಂಪು ಬಟ್ಟೆಪಟ್ಟಿ ಕಟ್ಟುತ್ತಾಳೆ. ಕೊನೆಗೆ ಬರುವವನು ಬಿಚ್ಚಿಕೊಂಡು ಬರಬೇಕು, ಕಾಡಲ್ಲಿ ಏನೂ ಬಿಡಬಾರದಂತೆ. ಆ ಕೆಲಸ ತಮ್ಮನದು.

ಅದೇ ದಿನ, ಮಧ್ಯಾಹ್ನ ಎರಡು

ತೊರೆ ಹತ್ತಿರ ನೀರು ತುಂಬಿಕೊಂಡು ಎದ್ದೆ, ತಮ್ಮ ಕಾಣಲಿಲ್ಲ. ಕೂಗಿದೆ, ಉತ್ತರ ಇಲ್ಲ. ನನ್ನ ದಾಟಿ ಹೋಗಿರ್ತಾನೆ ಅಂದುಕೊಂಡೆ. ಕವಲಲ್ಲಿ ಪಟ್ಟಿ ಹಾಗೇ ಇತ್ತು. ಮರೆತಿದ್ದಾನೆ ಮಹರಾಯ ಅಂತ ಬಿಚ್ಚಿದೆ. ಮುಂದಿನದನ್ನೂ. ಅದರ ಮುಂದಿನದನ್ನೂ... ನೀಟಾಗಿ ಸುತ್ತಿ ಜೇಬಿಗೆ ಹಾಕಿಕೊಂಡೆ.

ಮೇಲೆ ಹುಡುಗಿ ಕೇಳಿದಳು, "ಅಪ್ಪ ಎಲ್ಲಿ ದೊಡ್ಡಪ್ಪ?"

ಮೂರು ಪಟ್ಟಿ ತೆಗೆದು ತೋರಿಸಿದೆ. ಬೈಯಲಿಲ್ಲ. ಬ್ಯಾಗ್ ಇಳಿಸಿ, ನನಗೆ ಅಲ್ಲಾಡಬೇಡಿ ಅಂದು, ಸೀಟಿ ಊದುತ್ತಾ ಕೆಳಗೆ ಇಳಿದಳು. ಒಂದು ಕವಲಲ್ಲಿ ಎಡಕ್ಕೆ ಹೋದರೆ ಬರೀ ಪ್ರಪಾತ. ಮಂಜು ಬೇರೆ ಕವಿಯುತ್ತಿದೆ.

ನಾಲ್ಕು ಗಂಟೆ

ಸೀಟಿಯೂ ಕೇಳಿಸ್ತಿಲ್ಲ.

ನವೆಂಬರ್ 8, ಬೆಳಗ್ಗೆ

ಸಿಕ್ಕಿದ ಅಕ್ಕಾ. ಮೊನ್ನೆ ಕತ್ತಲಾಗೋ ಮುಂಚೆಯೇ ಸಿಕ್ಕಿದ. ಒಂದು ಗೀರೂ ಇಲ್ಲ. ನಿನ್ನೆಯೆಲ್ಲ ಪೆನ್ನು ಮುಟ್ಟಲಿಲ್ಲ, ಅವನ ಪಕ್ಕದಲ್ಲೇ ಕೂತಿದ್ದೆ.

ತೊರೆಯ ಹತ್ತಿರ ಬಂಡೆ ಹಿಂದೆ ಹೊಟ್ಟೆ ಕೆಟ್ಟು ಕೂತಿದ್ದನಂತೆ, ನೀರಿನ ಸದ್ದಿಗೆ ನನ್ನ ಕೂಗು ಕೇಳಿಸಲಿಲ್ಲವಂತೆ. ಆಮೇಲೆ ಮೊದಲ ಕವಲಿಗೆ ಬಂದ, ಪಟ್ಟಿ ಇಲ್ಲ. ಅಲ್ಲೇ ಬ್ಯಾಗ್ ಮೇಲೆ ಕೂತುಬಿಟ್ಟನಂತೆ. ಒಂದು ಹೆಜ್ಜೆ ಇಟ್ಟಿಲ್ಲ.

"ನೀನೇ ಬಿಚ್ಚಿರ್ತೀಯ ಅಂತ ಗೊತ್ತಿತ್ತು ಕಣೋ ಅಣ್ಣ. ಅಂಗಡೀಲಿ ಚೂರು ಬಟ್ಟೆ ಬಿದ್ದಿದ್ರೂ ಎತ್ತಿ ಜೇಬಿಗೆ ಹಾಕೋನು ನೀನು. ಬಿಚ್ಚಿದ್ದು ಗೊತ್ತಾದ ತಕ್ಷಣ ಹುಡುಕಿಕೊಂಡು ಬರ್ತೀರ ಅಂತ ಕೂತೆ."

ನನಗೆ ತಡೆಯಲಾಗಲಿಲ್ಲ. ಅಳೋದಾದ್ರೆ ಆ ಕಡೆ ತಿರುಗು, ಟೀ ಉಪ್ಪಾಗುತ್ತೆ ಅಂದ. ಹುಡುಗಿ ನಕ್ಕಳು. ಆಗ ನನಗೆ ಉಸಿರು ಬಂತು.

ಇವತ್ತು ಇಳೀತಿದ್ದೀವಿ. ನನ್ನನ್ನ ಮಧ್ಯೆ ಹಾಕಿಕೊಂಡಿದ್ದಾರೆ, ಪಟ್ಟಿ ಮುಟ್ಟೋ ಹಾಗಿಲ್ಲ. ಅಕ್ಕಾ, ಬೈದಾದರೂ ಸರಿ, ಬೇಗ ಎರಡು ಸಾಲು ಬರಿ. ಅವನಿಗೂ ಬೇರೆಯಾಗಿ ಬರಿ, ಅವನು ಹೇಳಲ್ಲ, ಆದರೆ ಅಷ್ಟು ಹೊತ್ತು ಒಬ್ಬನೇ ಕೂತು... ಕರೀತಿದ್ದಾನೆ, ಬಂದೆ—